ಕೆಂಚಿಯ ಎಡಗಣ್ಣು

ನನ್ನ ಕೆಂಚಿಯ ಎಡಗಣ್ಣು ಹೋದ ದಿನ ನಾನು ಮುದ್ದೆ ಮುರಿಯಲಿಲ್ಲ. ಒಂದು ಬೆಕ್ಕಿಗೆ ಇಷ್ಟು ಹಚ್ಚಿಕೊಳ್ಳುವುದೇ ಎಂದು ನನ್ನ ಗಂಡ ಲಕ್ಕಯ್ಯ ನಕ್ಕ. ನಗಲಿ. ಆರು ವರ್ಷ ಅವನ ರೇಷ್ಮೆ ಹುಳುಗಳ ಹತ್ತಿರ ಒಂದು ಇಲಿಯೂ ಸುಳಿಯದಂತೆ ನೋಡಿಕೊಂಡವಳು ಯಾರು? ಗೂಡು ಕಟ್ಟಲು ಹಣ್ಣಾದ ಹುಳು ಅಂದರೆ ಇಲಿಗೆ ಹಬ್ಬದೂಟ. ಅಂಥ ಇಲಿಗಳನ್ನು ಹಿಡಿದು, ಬಾಲ ಮಾತ್ರ ನನಗೆ ಲೆಕ್ಕಕ್ಕೆಂದು ಬಿಟ್ಟು, ಕಾಲ ಹತ್ತಿರ ಬಂದು ಮಲಗುತ್ತಿದ್ದವಳು ಕೆಂಚಿ.

ಅವಳನ್ನು ಮನೆಯಿಂದ ಆಚೆ ಹಾಕಿಸಿದ್ದು ಊಜಿ ನೊಣ. ಆಗ ನಮ್ಮ ಸೀಮೆಗೆಲ್ಲ ರೇಷ್ಮೆಯ ಹುಚ್ಚು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ರಾಮನಗರಕ್ಕೆ ಗೂಡು ಹೊತ್ತು ಹೋದವರು ಟೇಪ್ ರೆಕಾರ್ಡರ್ ಹೊತ್ತುಕೊಂಡು ಬರುತ್ತಿದ್ದರು. ಹಿಂದೆಯೇ ಈ ನೊಣವೂ ಬಂತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಸಾಯಿಸುವ ನೊಣ. ಲಕ್ಕಯ್ಯ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಪರದೆ ಹೊಡೆಸಿದ.

"ಬೆಕ್ಕು ಒಳಕ್ಕೂ ಆಚೆಗೂ ಓಡಾಡ್ತಿದ್ರೆ ಪರದೆ ಯಾಕೆ ಹಾಕ್ಬೇಕಿತ್ತು? ಜಗಲಿ ಮೇಲೇ ಬಿದ್ದಿರ್ಲಿ ಬುಡು. ಪರದೆ ಕಡಿಯೋ ಇಲಿಗಳ್ನ ಅಲ್ಲೇ ನೋಡ್ಕತದೆ" ಎಂದ.

ಆಚೆ ಇದ್ದವನು ಪಟೇಲ. ಎದುರು ಮನೆ ಮುನಿರತ್ನಮ್ಮನ ಗಂಡುಬೆಕ್ಕು. ಕುಂಬಳಕಾಯಿಯಂಥ ತಲೆ, ಹರಿದ ಕಿವಿ, ಊರೆಲ್ಲ ತನ್ನದೇ ಎನ್ನುವ ನಡಿಗೆ. ಅವರ ಮನೆಗಿನ್ನೂ ಪರದೆ ಹಾಕಿಸಿರಲಿಲ್ಲ. ಹಿಂದಿನ ಕಿಟಕಿಯಿಂದ ನುಗ್ಗಿ, ಹುಳುಗಳಿಗೆಂದು ಒದ್ದೆ ಗೋಣಿ ಹೊದಿಸಿಟ್ಟ ಹಿಪ್ಪುನೇರಳೆ ಸೊಪ್ಪಿನ ರಾಶಿಯ ಮೇಲೆ ತಂಪಾಗಿ ಮಲಗುವುದು, ಎದ್ದ ಮೇಲೆ ಬಂದು ನನ್ನ ಕೆಂಚಿಯನ್ನು ಕಚ್ಚುವುದು, ಇದೇ ಅವನ ದಿನಚರಿ.

ನಾನು ಮಾಡದ ಉಪಾಯವಿಲ್ಲ. ಕತ್ತಲಾಗುವ ಮುಂಚೆ ಕೆಂಚಿಯನ್ನು ಬಿದಿರಿನ ಮಂಕರಿಯಡಿ ಮುಚ್ಚಿಟ್ಟೆ, ಕಿರುಚಿ ಕಿರುಚಿ ಓಣಿಯನ್ನೇ ಎಬ್ಬಿಸಿದಳು. ಜಗಲಿಯ ತೊಲೆಗೆ ಹಲಗೆ ಕಟ್ಟಿ ಅಲ್ಲಿ ಮಲಗಿಸಿದೆ, ಅವನು ಅಲ್ಲಿಗೂ ಹತ್ತಿದ. ಚೆಂಬಿನಲ್ಲಿ ನೀರಿಟ್ಟುಕೊಂಡು ಕಾದೆ, ನೆನೆದದ್ದು ನಾನೇ. ಮೊದಲು ಕಿವಿ ಹರಿಯಿತು, ಆಮೇಲೆ ಕತ್ತಿನ ಗಾಯ ಕೀವಾಯಿತು. ಕೊನೆಗೆ ಕಣ್ಣು. ಇನ್ನೊಂದು ಸಲ ಅವನ ಬಾಯಿಗೆ ಸಿಕ್ಕರೆ ಕೆಂಚಿ ಉಳಿಯುವುದಿಲ್ಲ ಎಂದು ನನಗೆ ಗೊತ್ತಾಯಿತು.

ಎತ್ತಿಕೊಂಡು ಹೋಗಿ ಮುನಿರತ್ನಮ್ಮನ ಹೊಸ್ತಿಲಾಚೆ ನಿಂತು ತೋರಿಸಿದೆ. ಅವಳು ನೋಡಿ ನಕ್ಕುಬಿಟ್ಟಳು.

"ಬೆಕ್ಕು ಬೆಕ್ಕು ಕಿತ್ತಾಡಿದ್ರೆ ಪಂಚಾಯ್ತಿ ಸೇರಿಸ್ತೀಯಾ ಮಾಯಕ್ಕ? ಗಂಡುಬೆಕ್ಕು ಕಣಕ್ಕ, ಸೀರೆ ಉಡ್ಸಿ ಕೂರ್ಸಕ್ಕಾಯ್ತದ? ನಿಂದು ಅಷ್ಟೊಂದು ನಾಜೂಕಾದ್ರೆ ತೊಟ್ಲು ಕಟ್ಟಿ ತೂಗು."

ಆ ನಗು ನನ್ನ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತು. ಅವಳ ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಪೊರೆ ಬಿಟ್ಟು, ಎದ್ದು ಐದಾರು ದಿನವಾಗಿತ್ತು, ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುತ್ತಿದ್ದವು. ಆ ಬೆಳೆಯಲ್ಲಿ ಮನೆಗೆ ಹೆಂಚು ಹಾಕಿಸುತ್ತೇನೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ನಿನ್ನ ಹೆಂಚನ್ನು ನೋಡೇ ಬಿಡುತ್ತೇನೆ ಎಂದುಕೊಂಡೆ.

ರೇಷ್ಮೆ ಹುಳುವಿಗೆ ಹೊಗೆಸೊಪ್ಪು ಅಂದರೆ ವಿಷ. ಹುಳು ಸಾಕುವವರ ಮನೆಯ ಮಕ್ಕಳಿಗೂ ಅದು ಗೊತ್ತು. ಮುನಿರತ್ನಮ್ಮನ ಮಾವ ಗಂಗಯ್ಯನಿಗೆ ಹೊಗೆಸೊಪ್ಪಿಲ್ಲದೆ ಗಳಿಗೆ ಕಳೆಯದು. ಆದರೂ ಹುಳು ಮೇಯುವ ದಿನಗಳಲ್ಲಿ ಆ ಮುದುಕ ಊರಾಚೆಯ ಹೊಂಗೆ ಮರದಡಿ ಕೂತು ಅಗಿದು, ಸೀಗೆಪುಡಿ ಹಾಕಿ ಕೈ ಬಾಯಿ ತೊಳೆದೇ ಮನೆಗೆ ಬರುತ್ತಿದ್ದ. ಸಂಚಿಯೂ ಆ ಮರದ ಪೊಟರೆಯಲ್ಲೇ ಇರುತ್ತಿತ್ತು. ನಾನು ಕೆಂಚಿಯನ್ನು ಎತ್ತಿಕೊಂಡು ಅಲ್ಲಿಗೆ ಹೋದೆ.

"ಗಾಯಕ್ಕೆ ಹುಳ ಬಿದ್ದೈತೆ ಮಾವ. ತೊಳಿಯಕ್ಕೆ ಒಸಿ ಹೊಗೆಸೊಪ್ಪು ಕೊಡಿ."

ಮುದುಕ ಕೆಂಚಿಯ ಮುಖ ಹಿಡಿದು ನೋಡಿದ. "ಪಾಪ ಮುಂಡೇದೆ" ಎಂದು ನಿಟ್ಟುಸಿರುಬಿಟ್ಟು, ಇದ್ದುದರಲ್ಲಿ ಅರ್ಧ ಮುರಿದು ಕೊಟ್ಟ.

ನಮ್ಮ ಹೊಲದ ಬದುವಿನಲ್ಲಿ ಒಡಕು ಮಡಕೆಯಿಟ್ಟು ಹೊಗೆಸೊಪ್ಪನ್ನು ಕುದಿಸಿದೆ. ನೀರು ಕಪ್ಪಗಾಯಿತು. ಮಧ್ಯಾಹ್ನ ಒಣಮೀನಿನ ಆಸೆ ತೋರಿಸಿ ಪಟೇಲನನ್ನು ಮಂಕರಿಯಲ್ಲಿ ಕೆಡವಿದೆ. ಕೈಗೆ ಗೋಣಿ ಸುತ್ತಿಕೊಂಡು ಅವನ ಹೊಟ್ಟೆಗೆ, ಬೆನ್ನಿಗೆ, ಕಾಲಿಗೆ ಚೆನ್ನಾಗಿ ಬಳಿದೆ. ಕೆಂಚಿಯ ಕಣ್ಣು ನೆನೆನೆನೆದು ಬಳಿದೆ. ಬಿಟ್ಟ ತಕ್ಷಣ ಅವನು ಓಡಿದ್ದು ನಾನು ಅಂದುಕೊಂಡ ಕಡೆಗೇ, ಹಿಂದಿನ ಕಿಟಕಿ, ಸೊಪ್ಪಿನ ರಾಶಿ. ನಾನು ತಲೆಗೆ ಸ್ನಾನ ಮಾಡಿ ಸೀರೆ ಬದಲಿಸಿ ನಮ್ಮ ಹುಳುಗಳಿಗೆ ಸೊಪ್ಪು ಹಾಕಿದೆ.

ಮಾರನೆಯ ದಿನ ಬೆಳಿಗ್ಗೆ ಎದುರು ಮನೆಯಲ್ಲಿ ಗೋಳು ಶುರುವಾಯಿತು. ಹುಳುಗಳು ತಲೆ ಎತ್ತಿ ಎತ್ತಿ ಹೊರಳುತ್ತಿದ್ದವಂತೆ, ಹಸಿರು ಕಕ್ಕುತ್ತಿದ್ದವಂತೆ. ಮಧ್ಯಾಹ್ನದ ಹೊತ್ತಿಗೆ ಬಿದಿರು ತಟ್ಟೆಗಳಲ್ಲಿದ್ದ ಹುಳುವೆಲ್ಲ ತಿಪ್ಪೆಗೆ ಹೋಯಿತು. ನನಗೆ ಸಂತೋಷವಾಯಿತು, ಸುಳ್ಳು ಹೇಳಲಾರೆ. ಜಗಲಿಯಲ್ಲಿ ಕೂತು ಕೆಂಚಿಗೆ ಹಾಲು ಹಾಕಿದೆ. "ಕುಡಿಯೇ, ನಿನ್ನ ಕಣ್ಣಿನ ಸಾಲ ತೀರಿತು" ಎಂದೆ.

ಆಗ ಮುನಿರತ್ನಮ್ಮ ಸೊಪ್ಪಿನ ಗೋಣಿಯನ್ನು ಬೀದಿಗೆ ಎಳೆದು ತಂದು ಮೂಸಿದಳು, ಪಟೇಲನನ್ನೂ ಹಿಡಿದು ಮೂಸಿದಳು.

"ಹೊಗೆಸೊಪ್ಪು! ಬೆಕ್ಕಿನ ಮೈಯೆಲ್ಲ ಹೊಗೆಸೊಪ್ಪು! ಈ ಮುದುಕ ಅಗ್ದಿದ್ ಕೈಲಿ ಎತ್ಕಂಡು ಮುದ್ದಾಡವ್ನೆ. ನನ್ ಮನೆಗೆ ಮಣ್ಣಾಕ್ಬುಟ್ಯಲ್ಲೋ!"

ಗಂಗಯ್ಯ ತಲೆ ತಗ್ಗಿಸಿ ನಿಂತಿದ್ದ. ಈಗ ನನ್ನ ಹೆಸರು ಹೇಳುತ್ತಾನೆ ಎಂದು ನಾನು ಕಂಬ ಹಿಡಿದುಕೊಂಡೆ. ಜಗಳಕ್ಕೆ ಬೇಕಾದ ಮಾತೆಲ್ಲ ನಾಲಿಗೆಯ ಮೇಲೇ ಇತ್ತು.

"ಹೂಂ ಕಣವ್ವ, ನಂದೇ ತಪ್ಪು" ಎಂದ ಮುದುಕ.

ಅವಳು ಅವನ ಕಂಬಳಿಯನ್ನೂ ಉಣ್ಣುವ ತಟ್ಟೆಯನ್ನೂ ಬೀದಿಗೆ ಎಸೆದಳು. ಆ ರಾತ್ರಿ ಅವನು ಗುಡಿಯ ಜಗಲಿಯಲ್ಲಿ ಮಲಗಿದನಂತೆ. ನಾನು ಎಲ್ಲಿ ಮಲಗಿದರೂ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಹಾದು ಹೋಗುವಾಗ ಅವನು ನಮ್ಮ ಮನೆ ಮುಂದೆ ನಿಂತ. ಒಂದು ಕೈಯಲ್ಲಿ ಬಟ್ಟೆಗಂಟು, ಇನ್ನೊಂದರಲ್ಲಿ ಬಾಯಿ ಕಟ್ಟಿದ ಗೋಣಿ. ಗೋಣಿಯೊಳಗೆ ಪಟೇಲ ಗುರುಗುಡುತ್ತಿದ್ದ.

"ಕೆಂಚಿ ಗಾಯ ವಾಸಿ ಆಯ್ತೇನವ್ವ?"

"ಆಯ್ತಾ ಐತೆ ಮಾವ."

"ಆವತ್ತು ಅದುಕ್ಕೆ ಹುಳ ಬಿದ್ದಿರ್ಲಿಲ್ಲ. ನಾನು ನೋಡ್ದೆ."

"ಮತ್ಯಾಕೆ ಕೊಟ್ರಿ?"

"ಅದರ ಕಣ್ಣು ನೋಡಿ ಕೊಟ್ಟೆ. ಇವ್ನಿಗೆ ಒಸಿ ಎರಚಿ ಬುದ್ದಿ ಕಲಿಸ್ತೀಯ ಅನ್ಕಂಡೆ, ಇವ್ನಿಗೆ ಬೇಕಾಗಿತ್ತು ಅನ್ನು. ಬಾಯಿಲ್ಲದ ಹುಳಿನ ಮೇಲೆ ಬುಡ್ತೀಯ ಅಂತ ಅನ್ಕಳ್ಳಲಿಲ್ಲ ಮಗ."

"ಅವಳ್ಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹೊಗೆಸೊಪ್ಪು ಕೊಟ್ಟೋನ್ಯಾರು ಅಂತಾಳೆ. ಕೊಟ್ಟೋನು ನಾನೇ ತಾನೆ?" ಗಂಟನ್ನು ಹೆಗಲಿಗೇರಿಸಿದ. "ಕೆಂಪಾಪುರದಲ್ಲಿ ಮಗಳವ್ಳೆ, ಹೋಯ್ತೀನಿ. ಇವ್ನನ್ನೂ ಕರ್ಕಂಡು ಹೋಯ್ತಿದೀನಿ. ಇನ್ನು ನಿನ್ ಬೆಕ್ಕಿಗೆ ತೊಂದ್ರೆ ಇಲ್ಲ."

ಮಾಗಡಿ ಬಸ್ಸು ನಿಲ್ಲುವ ಕಡೆಗೆ ಅವನು ನಿಧಾನವಾಗಿ ನಡೆದ. ನಾನು ಕೇಳಿದ್ದೆಲ್ಲ ಸಿಕ್ಕಿತ್ತು. ಅವಳ ಬೆಳೆ ಮಣ್ಣುಪಾಲಾಗಿತ್ತು, ಪಟೇಲ ಊರು ಬಿಡುತ್ತಿದ್ದ, ಕೆಂಚಿ ಬಿಸಿಲಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿದ್ದಳು. ನನಗೆ ಮಾತ್ರ ನಿಂತಲ್ಲಿ ನಿಲ್ಲಲಾಗಲಿಲ್ಲ.

ಹುಳು ಇರುವ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಇಪ್ಪತ್ತು ದಿನದಿಂದ ನಾನು ಮುನಿರತ್ನಮ್ಮನ ಹೊಸ್ತಿಲು ದಾಟಿರಲಿಲ್ಲ. ಈಗ ಬಾಗಿಲು ಪೂರ್ತಿ ತೆರೆದಿತ್ತು, ಬರಬೇಡ ಎನ್ನುವುದಕ್ಕೆ ಒಳಗೆ ಹುಳುವೇ ಇರಲಿಲ್ಲ. ಅವಳು ಖಾಲಿ ತಟ್ಟೆಗಳನ್ನು ಗೋಡೆಗೊರಗಿಸಿ ನೆಲ ಗುಡಿಸುತ್ತಿದ್ದಳು. ಅತ್ತು ಅತ್ತು ಮುಖ ಊದಿತ್ತು.

"ಪಟೇಲನ ಮೈಗೆ ಹೊಗೆಸೊಪ್ಪು ಬಳ್ದೋಳು ನಾನು ಕಣೆ" ಎಂದೆ. "ಬೇಕು ಅಂತಲೇ ಬಳ್ದೆ. ನಿಮ್ಮಾವಂದು ಏನೂ ಇಲ್ಲ."

ಅವಳು ಪೊರಕೆಯನ್ನು ತಿರುವಿ ಹಿಡಿದು ಮೇಲೆತ್ತಿದಳು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು.

"ಹೊಡಿ, ಬೇಡ ಅನ್ನಕಿಲ್ಲ" ಎಂದೆ. "ಮೊದ್ಲು ಓಡೋಗಿ ಬಸ್ ನಿಲ್ಸು."