ಕುದುರೆ ತಲೆ ಎತ್ತುವ ತನಕ

ಕಂಡಕ್ಟರಣ್ಣ ನಿಂತ ನೆಲವನ್ನು ನಂಬುತ್ತಿರಲಿಲ್ಲ. ಮೂವತ್ತೊಂದು ವರ್ಷ ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಟಿಕೆಟ್ ಹರಿದ ಆ ದೇಹ, ನಿವೃತ್ತಿಯ ನಂತರವೂ, ಭೂಮಿ ಯಾವ ಗಳಿಗೆಯಲ್ಲಾದರೂ ಬ್ರೇಕ್ ಹಾಕೀತೆಂಬ ಗುಮಾನಿಯಲ್ಲೇ ಇತ್ತು; ಪಾದಗಳೆರಡೂ ಒಂದು ಮೊಳ ದೂರ, ಮೊಣಕಾಲು ತುಸು ಸಡಿಲ, ಎಡಭುಜ ಇಲ್ಲದ ಕಂಬಿಗೆ ಆನಿಕೊಂಡಂತೆ ವಾಲಿದ್ದು. ಅಂಚೆ ಕಚೇರಿಯ ಸಾಲಿನಲ್ಲೂ ಹಾಗೇ, ಆಸ್ಪತ್ರೆಯ ಮೊಗಸಾಲೆಯಲ್ಲೂ ಹಾಗೇ. ಆದರೆ ಅದೇ ಮನುಷ್ಯ ರಿಕಾಪಿಗೆ ಕಾಲು ಕೊಟ್ಟು ಜೀನಿನ ಮೇಲೆ ಕೂತರೆಂದರೆ ಆ ತುಯ್ದಾಟವೆಲ್ಲ ಎಲ್ಲಿ ಹೋಗುತ್ತಿತ್ತೋ, ಕೆಳಗೆ ನಾಲ್ಕು ಕಾಲು ಕುಣಿಯುತ್ತಿದ್ದರೂ ಮೇಲೆ ಒಂದು ದೀಪ ಉರಿದಷ್ಟು ನಿಶ್ಚಲ. ಕುದುರೆಯ ಬೆನ್ನಲ್ಲೇ ಬೆಳೆದವನು ನಾನು. ಅಂಥ ಕೂರುವಿಕೆಯನ್ನು ಇನ್ನೊಬ್ಬರಲ್ಲಿ ಕಂಡಿಲ್ಲ.

ಮೈಮೇಲೆ ಹಳೆಯ ಖಾಕಿ ಕೋಟು. ನಾಲ್ಕು ಜೇಬು, ಒಂದರಲ್ಲಿ ಸ್ಪಂಜು, ಒಂದರಲ್ಲಿ ಗೊರಸಿನ ಕಲ್ಲು ಕೀಳುವ ಕೊಕ್ಕೆ, ಒಂದರಲ್ಲಿ ಉಪ್ಪಿನ ಪೊಟ್ಟಣ, ನಾಲ್ಕನೆಯದು ತೂತು. ಉಳಿದ ಸವಾರರೆಲ್ಲ ಮೈಗಂಟುವ ಬಣ್ಣಬಣ್ಣದ ಬಟ್ಟೆ ತೊಟ್ಟು ಗಿಣಿಗಳ ಹಾಗೆ ಬಂದಿಳಿಯುವ ಪಂದ್ಯಕ್ಕೆ ಇವರು ಡ್ಯೂಟಿಗೆ ಬಂದವರಂತೆ ಬರುತ್ತಿದ್ದರು.

ನಮ್ಮ ಪಂದ್ಯವನ್ನು ನೋಡದವರಿಗೆ ಒಂದು ಮಾತು. ಇದು ಮೈದಾನ ಸುತ್ತಿಸುವ ಜೂಜಿನ ರೇಸಲ್ಲ. ಎಂಬತ್ತು ಕಿಲೋಮೀಟರ್, ಮೂರು ಸುತ್ತು, ಗುಡ್ಡ ಹಳ್ಳ ಕಲ್ಲುದಾರಿ. ಪ್ರತಿ ಸುತ್ತು ಮುಗಿದಾಗಲೂ ಪಶುವೈದ್ಯೆ ಕುದುರೆಯ ಪಕ್ಕೆಗೆ ಎದೆಬಡಿತ ಕೇಳುವ ಕೊಳವೆ ಹಚ್ಚುತ್ತಾರೆ. ಬಡಿತ ನಿಮಿಷಕ್ಕೆ ಅರವತ್ತನಾಲ್ಕಕ್ಕೆ ಇಳಿಯದಿದ್ದರೆ, ಓಡಿಸಿ ನೋಡಿದಾಗ ಒಂದು ಕಾಲು ಕುಂಟಿದರೆ, ಮನೆಗೆ. ಮನುಷ್ಯ ಸುಸ್ತಾದನೋ ಸತ್ತನೋ ಯಾರೂ ಕೇಳುವುದಿಲ್ಲ. ಬರೆದ ನಿಯಮಗಳ ಜೊತೆಗೆ, ಅವಕ್ಕಿಂತ ಹಳೆಯ ನಡತೆಯ ಕಟ್ಟಳೆಗಳೂ ಉಂಟು. ಅವುಗಳಲ್ಲಿ ದೊಡ್ಡದು ಇದು: ತೊಟ್ಟಿಯಲ್ಲಿ ಇನ್ನೊಬ್ಬರ ಕುದುರೆ ನೀರು ಕುಡಿಯುತ್ತಿರುವಾಗ ನಿನ್ನ ಕುದುರೆಯನ್ನು ಹೊರಡಿಸಬಾರದು. ಕುದುರೆ ಮಂದೆಯ ಪ್ರಾಣಿ. ಜೊತೆಯದು ಹೊರಟಿತೆಂದರೆ ಗಂಟಲು ಒಣಗಿದ್ದರೂ ತಲೆ ಎತ್ತಿಬಿಡುತ್ತದೆ. ಆಮೇಲೆ ನೀನು ಎಷ್ಟು ಗೋಗರೆದರೂ ಬಾಯಿ ಇಡದು.

ಕಂಡಕ್ಟರಣ್ಣನಿಗೆ ಈ ಕಟ್ಟಳೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಕೊನೆಯ ಮುದುಕಿಯ ಎರಡನೆಯ ಕಾಲೂ ಮೆಟ್ಟಿಲ ಮೇಲೆ ಬರುವ ತನಕ ಅವರು ಸೀಟಿ ಊದಿದವರಲ್ಲವಂತೆ. ಡ್ರೈವರುಗಳು ಶಪಿಸುತ್ತಿದ್ದರಂತೆ. "ಇವರ ಬಸ್ಸು ಅಂದ್ರೆ ಜನ ಮನೇಲಿ ಕೂದಲು ಬಾಚ್ಕೊಂಡು, ಕನ್ನಡಿ ನೋಡ್ಕೊಂಡು, ಆಮೇಲೆ ಹೊರಡೋರು ಕಣಯ್ಯಾ" ಎಂದು ಅತ್ತಿಗೆ, ಅಂದರೆ ಅವರ ಹೆಂಡತಿ, ನನ್ನ ಅಂಗಡಿಯ ಬಾಗಿಲಲ್ಲಿ ಕೂತು ನಗುತ್ತಿದ್ದರು. ನಾನು ಲಾಳ ಹೊಡೆಯುವವನು. ಐದನೇ ಕ್ಲಾಸಿಗೆ ಶಾಲೆ ನನ್ನನ್ನೂ ನಾನು ಶಾಲೆಯನ್ನೂ ಬಿಟ್ಟ ಮೇಲೆ ಸುತ್ತಿಗೆ ಹಿಡಿದವನು. ಸಿಟ್ಟು ಮೂಗಿನ ತುದಿಯಲ್ಲಿ. ಅವರ ಹೆಣ್ಣುಕುದುರೆ ಕಾಲು ಕೊಡದೆ ಸತಾಯಿಸಿದಾಗ ನಾನು ಬಾಯಿ ಮಾಡಿದರೆ ಕಂಡಕ್ಟರಣ್ಣ, "ಸ್ವಲ್ಪ ತಡಿ ತಮ್ಮಾ, ಅವಳು ಯೋಚನೆ ಮಾಡ್ತಾ ಇದಾಳೆ" ಎನ್ನುತ್ತಿದ್ದರು. ಸುತ್ತಿಗೆ ಎತ್ತಿದವನು ಹಾಗೇ ನಿಲ್ಲುತ್ತಿದ್ದೆ. ಸ್ವಲ್ಪ ಹೊತ್ತಿಗೆ ಆ ಮಹಾರಾಣಿ ತಾನಾಗಿ ಕಾಲು ಕೊಡುತ್ತಿತ್ತು.

ಆ ಕುದುರೆಯ ಹೆಸರು ಮಿಂಚು. ಹಣೆಯಲ್ಲಿ ಸೊಟ್ಟನೆಯ ಬಿಳಿ ಗೀರು, ಅದಕ್ಕೇ ಆ ಹೆಸರು, ಓಟಕ್ಕಲ್ಲ. "ಗುಡುಗು ಮುಗಿದ ಮೇಲೆ ಬರೋ ಮಿಂಚು" ಎಂದು ಅತ್ತಿಗೆಯೇ ಹಾಸ್ಯ ಮಾಡುತ್ತಿದ್ದರು. ಹನ್ನೊಂದು ಪಂದ್ಯ ಓಡಿ, ಒಮ್ಮೆಯೂ ಕುಂಟದೆ, ಒಮ್ಮೆಯೂ ಮೊದಲು ಬಾರದೆ, ಹದಿನೇಳು ತುಂಬಿದ ಕುದುರೆ. ಆ ವರ್ಷ ವೈದ್ಯೆ ಮುಂಗಾಲಿನ ನರ ತಡವಿ, ಇದೇ ಕೊನೆಯದು, ಮುಂದೆ ಹುಲ್ಲು ಮೇಯಿಸಿ ಸಾಕು ಎಂದಿದ್ದರು. ಕೊನೆಯ ಲಾಳ ಹೊಡೆಸಿದ ದಿನ ಕಂಡಕ್ಟರಣ್ಣ ಕಾಲಗಲಿಸಿ ನಿಂತು, ಯಾರಿಗೂ ಹೇಳದ ಗುಟ್ಟೊಂದನ್ನು ನೆಲಕ್ಕೆ ಹೇಳುವಂತೆ ಹೇಳಿದರು: "ಒಂದ್ಸಲ, ಒಂದೇ ಸಲ, ಇವಳ ಹೆಸರು ಮೊದಲು ಕೂಗೋದನ್ನ ಕೇಳ್ಬೇಕು ಕಣೋ." ಅವರನ್ನು ಆಸೆಯೇ ಇಲ್ಲದ ಸಂತನೆಂದುಕೊಂಡಿದ್ದ ನನಗೆ ಆ ದನಿಯಲ್ಲಿ ಹಸಿವು ಕೇಳಿಸಿತು.

ಆ ಪಂದ್ಯದಲ್ಲಿ ನಾನೂ ಇದ್ದೆ, ನನ್ನ ಬೂದು ಬಣ್ಣದ ಗಂಡುಕುದುರೆಯ ಮೇಲೆ. ಎರಡು ಸುತ್ತು ಮುಗಿದಾಗ ಮುಂದಿದ್ದವರು ಇಬ್ಬರೇ, ನಾನು ಮತ್ತು ಅವರು. ಉಳಿದವರು ಅರ್ಧ ಗಂಟೆ ಹಿಂದೆ. ಮೂರನೆಯ ಸುತ್ತಿನಲ್ಲಿ, ಇನ್ನು ಹನ್ನೆರಡು ಕಿಲೋಮೀಟರ್ ಇರುವಾಗ, ಗುಡ್ಡದ ಬುಡದ ಕಲ್ಲುತೊಟ್ಟಿಗೆ ಇಬ್ಬರೂ ಒಟ್ಟಿಗೆ ಬಂದೆವು. ತೊಟ್ಟಿಗೆ ನೀರು ತುಂಬಿಸಲು ನಿಂತಿದ್ದ ಟೀಚರಮ್ಮನೊಬ್ಬರನ್ನು ಬಿಟ್ಟರೆ ಅಲ್ಲಿ ನರಪಿಳ್ಳೆಯಿಲ್ಲ. ಬಿಸಿಲು ಬೆನ್ನು ಸುಲಿಯುತ್ತಿತ್ತು. ನನ್ನ ಬೂದ ನಾಲ್ಕು ಗುಟುಕು ಕುಡಿದು ತಲೆ ಎತ್ತಿತು. ಮಿಂಚು ಕಿವಿ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾ, ಗುಟುಕಿಗೊಮ್ಮೆ ಗಂಟಲುಬ್ಬಿಸುತ್ತಾ, ಆಗಷ್ಟೇ ಕುಡಿಯತೊಡಗಿತ್ತು. ನಾನು ಲಗಾಮು ತಿರುಗಿಸಿದೆ.

"ಕುಡೀತಾ ಇದಾಳೆ ಕಣಪ್ಪಾ. ಒಂದ್ನಿಮಿಷ."

ಅಷ್ಟೇ ಹೇಳಿದ್ದು. ಕೇಳಿಸಲಿಲ್ಲ ಎನ್ನುವಂತಿಲ್ಲ, ಚೆನ್ನಾಗಿ ಕೇಳಿಸಿತು. ನಾನು ಹಿಮ್ಮಡಿ ಒತ್ತಿ ನಾಗಾಲೋಟ ಕಿತ್ತೆ. ಹಿಂದೆ ಮಿಂಚು ಕೆನೆದದ್ದೂ ಕೇಳಿಸಿತು.

ಏಳು ಕಿಲೋಮೀಟರ್ ಹೋಗುವಷ್ಟರಲ್ಲಿ ಮಾಡಿದ್ದು ನನಗೇ ತಿರುಗಿಬಂತು. ನಾಲ್ಕು ಗುಟುಕಿನ ನೀರು ಎಲ್ಲಿಗೆ ಸಾಲಬೇಕು? ಬೂದನ ಬೆವರು ನಿಂತಿತು, ಪಕ್ಕೆ ಅದುರತೊಡಗಿತು, ನಾಲ್ಕೂ ಕಾಲನ್ನು ಗೂಟ ಹೊಡೆದಂತೆ ಊರಿ ನಿಂತುಬಿಟ್ಟಿತು. ಒಸಡು ಒತ್ತಿ ನೋಡಿದರೆ ಬಿಳಿಚಿದ್ದು ಮತ್ತೆ ಕೆಂಪಾಗುತ್ತಿಲ್ಲ. ಈ ಸ್ಥಿತಿಯಲ್ಲಿ ಕುದುರೆ ಬಿದ್ದರೆ ಏಳುವುದಿಲ್ಲವೆಂದು ಬಲ್ಲವನೇ ನಾನು. ಬಲ್ಲವನೇ ಲಗಾಮು ಜಗ್ಗಿ ಕಿರುಚುತ್ತಿದ್ದೆ.

ಹಿಂದಿನಿಂದ ದನಿ ಬಂತು: "ತಮ್ಮಾ, ಬಲಗಡೆಯಿಂದ ಬರ್ಲಾ?"

ದಾರಿ ಕೇಳದೆ ಅವರು ಯಾರನ್ನೂ ದಾಟಿದವರಲ್ಲ. ಕೇಳಿ, ಉತ್ತರಕ್ಕೆ ಕಾದು, ನಡಿಗೆಯಲ್ಲೇ ದಾಟಿ, ಹತ್ತು ಮಾರು ಹೋದ ಮೇಲಷ್ಟೇ ಕುದುರೆ ಬಿಡುತ್ತಿದ್ದರು. ಆದರೆ ಕಲ್ಲಿನ ಹಾಗೆ ನಿಂತಿದ್ದವನನ್ನು, ಅದೂ ತೊಟ್ಟಿಯಲ್ಲಿ ಅವರ ಕುದುರೆಯನ್ನು ಬಾಯಾರಿಸಿ ಬಂದವನನ್ನು, ಆ ಹೊತ್ತಿನಲ್ಲೂ ಕೇಳಿದರಲ್ಲ! ಮುಂದೆ ಇದ್ದದ್ದು ಐದೇ ಕಿಲೋಮೀಟರ್. ಕಣ್ಣಿಗೆ ಕಾಣುವಷ್ಟು ದೂರ ಬೇರೆ ಸವಾರನಿಲ್ಲ. ಸುಮ್ಮನೆ ನಿಧಾನದ ಕುಕ್ಕುಲೋಟದಲ್ಲಿ ಹೋಗಿದ್ದರೂ ಮಿಂಚಿನ ಹೆಸರನ್ನು ಮೊದಲು ಕೂಗುತ್ತಿದ್ದರು.

ಅವರು ಬೂದನ ಪಕ್ಕೆ ನೋಡಿದರು. ಇಳಿದರು. ನನ್ನನ್ನು ಏನೂ ಕೇಳದೆ ಬೂದನ ಜೀನು ಬಿಚ್ಚಿ ಕೆಳಗಿಟ್ಟರು, ತಮ್ಮ ಬಾಟಲಿಯ ನೀರನ್ನೆಲ್ಲ ಸ್ಪಂಜಿಗೆ ಸುರಿದು ಅದರ ಕುತ್ತಿಗೆಯ ನರದುದ್ದಕ್ಕೂ ಒರೆಸಿದರು. ಇನ್ನೂರು ಹೆಜ್ಜೆ ಕೆಳಗೆ ಒಂದು ತೊರೆ ಇತ್ತು. ನಾನು ಎಳೆದರೆ ಬೂದ ಜಪ್ಪಯ್ಯ ಅನ್ನಲಿಲ್ಲ. ಅವರು ಮಿಂಚನ್ನು ಮುಂದೆ ನಡೆಸಿದರು. ಬೂದ ನಿದ್ದೆಯಲ್ಲಿ ನಡೆದಂತೆ ಹಿಂದೆ ಬಂತು. ಬಾಯಾರಿದ್ದ ಮಿಂಚು ತೊರೆಗೆ ಬಾಯಿ ಇಟ್ಟಿತು. ಅದನ್ನು ನೋಡುತ್ತಾ ನೋಡುತ್ತಾ ಬೂದನೂ ತಲೆ ಬಗ್ಗಿಸಿತು.

ಮೇಲಿನ ದಾರಿಯಲ್ಲಿ ಒಬ್ಬ ಸವಾರ ಬಂದ. "ಡಾಕ್ಟ್ರಮ್ಮನ್ನ ಗಾಡಿ ಸಮೇತ ಕಳ್ಸಿ" ಎಂದು ಕಂಡಕ್ಟರಣ್ಣ ಕೂಗಿ ಹೇಳಿದರು. ಅವನು ಹೋದ. ಇನ್ನೊಬ್ಬ ಹೋದ. ಮೂರನೆಯವಳೂ ಹೋದಳು. ಮಿಂಚು ಕುಡಿದು ಮುಗಿಸಿ ಎಷ್ಟೋ ಹೊತ್ತಾಗಿತ್ತು. ಆದರೂ ಅವರು ಅದನ್ನು ನೀರಿನ ಪಕ್ಕದಿಂದ ಕದಲಿಸಲಿಲ್ಲ.

"ನೀವು ಹೋಗಿ ಕಂಡಕ್ಟರಣ್ಣ. ಹೋಗಿ ಅಂದೆನಲ್ಲ!"

"ಇವಳು ಹೋದ್ರೆ ಅವನು ಕುಡಿಯೋದು ಬಿಡ್ತಾನೆ."

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. "ಬೈರಿ ನನಗೆ! ಒಂದು ಮಾತಾದ್ರೂ ಬೈರಿ! ತೊಟ್ಟಿ ಹತ್ರ ನಾನು ಮಾಡಿದ್ದು ಏನು ಅಂತ..."

ಅವರು ಗಾಬರಿಯಿಂದ ಕೈ ಎತ್ತಿದರು. "ಶ್... ಕೂಗ್ಬೇಡ ಮಾರಾಯಾ. ತಲೆ ಎತ್ತಿಬಿಡ್ತಾನೆ."

ವೈದ್ಯೆಯ ಗಾಡಿ ಬರಲು ನಲವತ್ತು ನಿಮಿಷವಾಯಿತು. ಬೂದ ಉಳಿಯಿತು. ಕಂಡಕ್ಟರಣ್ಣ ನಾಲ್ಕನೆಯವರಾಗಿ ಗೆರೆ ದಾಟಿದರು. ಮೊದಲ ಹೆಸರು ಕೂಗಿದಾಗ ಅವರ ಮುಖದ ಮೇಲೆ ಏನೋ ಒಂದು ಹಾದುಹೋದದ್ದನ್ನು ನಾನು ಕಂಡೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರೂ ಅವರೇ. ಮಿಂಚಿನ ಕಾಲಿಗೆ ತಣ್ಣೀರು ಹಾಕುತ್ತಿದ್ದ ಅತ್ತಿಗೆಯ ಮುಂದೆ ನಾನು ಅಪರಾಧಿಯಂತೆ ನಿಂತರೆ ಅವರು ಕೇಳಿದ್ದು, "ನಿನ್ನ ಕುದುರೆ ಉಚ್ಚೆ ಹೊಯ್ತಾ?" ಒಳಗೆ ನೀರು ಹತ್ತಿದೆ ಎಂಬುದಕ್ಕೆ ಅದೇ ಗುರುತು. ಹೊಯ್ದಿದೆ ಎಂದೆ. "ಹಂಗಾದ್ರೆ ಸರಿ ಬಿಡು" ಎಂದು ಬಕೆಟ್ಟು ಎತ್ತಿಕೊಂಡರು.

ಅಷ್ಟಕ್ಕೇ ಮುಗಿಯಲಿಲ್ಲ. ಟೀಚರಮ್ಮ ತೊಟ್ಟಿಯ ಸಂಗತಿಯನ್ನು ತೀರ್ಪುಗಾರರಿಗೆ ಹೇಳಿದ್ದರು. ಡೇರೆಯೊಳಗೆ ಮೇಜಿನಾಚೆ ಮುಖ್ಯ ತೀರ್ಪುಗಾರ್ತಿ, ಈಚೆ ನಾನು, ಪಕ್ಕದಲ್ಲಿ ಸಾಕ್ಷಿಯಾಗಿ ಕಂಡಕ್ಟರಣ್ಣ. ನನ್ನ ತಲೆಯಲ್ಲಿ ಆಗಲೇ ಸುಳ್ಳು ಸಿದ್ಧವಾಗಿತ್ತು: ಬೂದ ಬೆದರಿತು, ಹಿಡಿತ ತಪ್ಪಿತು.

"ನಿಮ್ಮ ಕುದುರೆ ಕುಡೀತಿರೋವಾಗ ಇವರು ಬೇಕಂತ್ಲೇ ಬಿಟ್ಟು ಹೋದ್ರಾ?"

ಕಂಡಕ್ಟರಣ್ಣ ಕಾಲಗಲಿಸಿ ನಿಂತಿದ್ದರು. "ಅವನು ಇಲ್ಲೇ ಇದಾನಲ್ಲಮ್ಮಾ. ಅವನನ್ನೇ ಕೇಳಿ, ಹೇಳ್ತಾನೆ."

ಆ ಕೊನೆಯ ಮಾತಿನಲ್ಲಿ ಎಚ್ಚರಿಕೆಯಿರಲಿಲ್ಲ, ಕೊಂಕಿರಲಿಲ್ಲ, ನನ್ನ ಕಡೆಗೊಂದು ನೋಟವೂ ಇರಲಿಲ್ಲ. ಮುಂದಿನ ಸ್ಟಾಪು ಯಾವುದೆಂದು ಹೇಳುವಷ್ಟು ಸಹಜವಾಗಿ ಹೇಳಿದರು.

"ಹೌದು. ಒಂದ್ನಿಮಿಷ ಅಂದ್ರು, ಕೇಳಿಸ್ತು. ಕೇಳಿಸಿಯೂ ಹೋದೆ," ಎಂದೆ. ಒಂದು ವರ್ಷ ಪಂದ್ಯದಿಂದ ಹೊರಗೆ ಹಾಕಿದರು. ನ್ಯಾಯವೇ.

ಒಳ್ಳೆಯವರೆಂದರೆ ಕ್ಷಮಿಸುವವರು ಎಂದು ನಾನು ಬಹುಕಾಲ ತಿಳಿದಿದ್ದೆ. ಕ್ಷಮಿಸುವವರನ್ನು ಎದುರಿಸುವುದು ಸುಲಭ. ಅವರು ನಮ್ಮ ತಪ್ಪನ್ನು ಎತ್ತಿ, ತೂಗಿ, ದೊಡ್ಡ ಮನಸ್ಸು ಮಾಡಿ ಕೆಳಗಿಡುತ್ತಾರೆ, ನಾವು ತಲೆ ತಗ್ಗಿಸಿ ಹೊರಬಂದು ಬೀದಿಯ ತಿರುವಿನಲ್ಲಿ ಮರೆಯುತ್ತೇವೆ. ಕಂಡಕ್ಟರಣ್ಣನಂಥ ಮನುಷ್ಯರಿಗೆ ಆ ತೂಗುವ ಪುರುಸೊತ್ತೇ ಇಲ್ಲ; ಎದುರಿಗಿರುವ ಪ್ರಾಣಕ್ಕೆ ಆ ಗಳಿಗೆಯಲ್ಲಿ ಬೇಕಾದದ್ದು ಯಾವುದೋ ಅಷ್ಟರಲ್ಲೇ ಅವರು ಮುಳುಗಿರುತ್ತಾರೆ, ಅದು ಕುದುರೆಯಾದರೂ ಒಂದೇ, ಮನುಷ್ಯನಾದರೂ ಒಂದೇ. ನಾವು ನಿಜ ಹೇಳುತ್ತೇವೆಂದು ನಮಗಿಂತ ಮೊದಲೇ ನಂಬಿ ಕೂತಿರುತ್ತಾರೆ. ಎಂಥ ಭಂಡನಿಗೂ ಒಮ್ಮೊಮ್ಮೆ ಆ ನಂಬಿಕೆಯನ್ನು ಸುಳ್ಳು ಮಾಡುವಷ್ಟು ಧೈರ್ಯ ಸಾಲುವುದಿಲ್ಲ.