ತಿಜೋರಿ ತೆರೆದಿಟ್ಟವನು

ಸ್ಟ್ರೌಡ್ ತನ್ನ ಕರಿ ಕೋಟು ಬಿಚ್ಚಿ ಪ್ರೊಜೆಕ್ಟರಿನ ಮೇಲೆ ಎಸೆದ. ಅದು ಸಾಲದೆ ತಂತಿಯನ್ನೂ ಗೋಡೆಯಿಂದ ಕಿತ್ತ. ಚರ್ಚಿನ ಪರದೆಯ ಮೇಲೆ ನಗುತ್ತಿದ್ದ ಆರ್ವಿಲ್ ಟಿಡ್‌ಮೋರ್ ಆರಿಹೋದ. ಪರದೆಯ ಕೆಳಗೆ, ಶವಪೆಟ್ಟಿಗೆಯಲ್ಲಿ, ಅವನು ಎರಡು ದಿನ ಮೊದಲೇ ಆರಿದ್ದ.

"ಯಾರೂ ಏಳ್ಬೇಡಿ! ಫೋನ್ ಹೊರಗೆ ತೆಗೀಬೇಡಿ!" ಎಂದು ಸ್ಟ್ರೌಡ್ ಕೂಗಿದ. ಅವನು ಟಿಡ್‌ಮೋರ್ ದುಡಿಯುತ್ತಿದ್ದ ಕ್ಷಿಪಣಿ ಕಂಪನಿಯ ಭದ್ರತಾ ಅಧಿಕಾರಿ.

ಹಾಡುತ್ತಿದ್ದ ಹೆಂಗಸರು ಸಾಲಿನ ನಡುವೆಯೇ ಬಾಯಿ ಮುಚ್ಚಿದರು.

ಆಗಿದ್ದಿಷ್ಟು. ಕಂಪನಿಯ ಉಪಾಧ್ಯಕ್ಷ ಕಾರ್ಲೈಲ್ ಬ್ರ್ಯಾಂಟ್ ತನ್ನ ದೊಡ್ಡಗುಣ ತೋರಿಸಲೆಂದು ಸತ್ತವನ ಹಳೆಯ ಫೋಟೊ ಒಂದನ್ನು ಚರ್ಚಿಗೆ ಕಳಿಸಿದ್ದ. ಇಪ್ಪತ್ತು ವರ್ಷದ ಸೇವೆ ತುಂಬಿದಾಗ ದಾಖಲೆ ಕೋಣೆಯಲ್ಲಿ ಬ್ರ್ಯಾಂಟನೇ ತೆಗೆಸಿದ ಫೋಟೊ. ಟಿಡ್‌ಮೋರನ ಬೆನ್ನ ಹಿಂದೆ ಬಿಳಿ ಹಲಗೆ. ಹಲಗೆಯ ಮೇಲೆ ಕ್ಷಿಪಣಿಯೊಂದು ಹಾರುವ ದೂರ, ಹೊರುವ ತೂಕ, ಎಲ್ಲ ದಪ್ಪ ಅಂಕಿಗಳಲ್ಲಿ. ಕ್ಷಿಪಣಿ ಕಂಪನಿಗಳೇ ತುಂಬಿದ ಹಂಟ್ಸ್‌ವಿಲ್‌ನಲ್ಲಿ ಯಾವ ಚರ್ಚಿಗೆ ಹೋದರೂ ಅರ್ಧ ಜನ ಎದುರಾಳಿ ಕಂಪನಿಯವರು. ಅಂಕಿ ಓದಲು ಬಾರದವರು ಅಲ್ಲಿ ಯಾರೂ ಇರಲಿಲ್ಲ.

ಸ್ಟ್ರೌಡ್ ಕಾರಿನಿಂದ ಒಂದು ಕಟ್ಟು ಕಾಗದ ತಂದ. ಕಾಣಬಾರದ್ದನ್ನು ಕಂಡವರು ಬಾಯಿ ಬಿಡುವುದಿಲ್ಲವೆಂದು ಬರೆದುಕೊಡುವ ಕಾಗದ. ಸಂತಾಪದ ಪುಸ್ತಕವನ್ನು ಪಕ್ಕಕ್ಕೆ ತಳ್ಳಿ ಆ ಮೇಜಿನ ಮೇಲೇ ಹರವಿದ. ಸಾವಿಗೆ ಬಂದವರು ಸಹಿಗೆ ಸಾಲು ನಿಂತರು.

ಟಿಡ್‌ಮೋರನ ಸೋದರತ್ತೆ ಹೇಜಲ್‌ಗೆ ತೊಂಬತ್ತೊಂದು. "ನಂಗೆ ಎರಡು ಕಣ್ಣಲ್ಲೂ ಪೊರೆ ಕಣಪ್ಪ. ನಾ ಏನನ್ನ ಮರೀಬೇಕು?"

"ನೋಡಿದ್ದನ್ನ, ಅಮ್ಮ."

"ಏನ್ ನೋಡ್ದೆ ಅಂತ ನೀನೇ ಹೇಳ್ಬಿಡು. ಆಮೇಲೆ ಮರೀತೀನಿ."

"ಹೇಳಂಗಿಲ್ಲ, ಅಮ್ಮ. ಗುಟ್ಟು."

"ಹಂಗಾದ್ರೆ ಮರ್ತಾಯ್ತು. ತಾ ಪೆನ್ನು."

ಹಿಂದಿನಿಂದ ಒಬ್ಬ ಪಿಸುಗುಟ್ಟಿದ: "ಸತ್ತರೂ ಬುದ್ಧಿ ಬಿಡ್ಲಿಲ್ಲ ನೋಡು ಆರ್ವಿಲ್ಲು. ಇವತ್ತೂ ತೆರೆದಿಟ್ಟೇ ಹೋದ." ಪಕ್ಕದವನು ಕಿಸಕ್ಕೆಂದ.

ವಿಧವೆ ನಡೀನ್‌ಗೆ ಅದು ಕೇಳಿಸಿತು. ತಲೆ ತಗ್ಗಿಸಿದಳು. ಒಂಬತ್ತು ವರ್ಷದಿಂದ ಆ ಮಾತಿಗೆ ತಗ್ಗಿಸಿ ತಗ್ಗಿಸಿ ಅವಳ ಕುತ್ತಿಗೆಗೆ ರೂಢಿಯಾಗಿತ್ತು.

*

ದಾಖಲೆ ಕೋಣೆಯಲ್ಲಿ ಒಂದು ಪದ್ಧತಿಯಿತ್ತು. ಸಂಜೆ ಒಬ್ಬರು ತಿಜೋರಿ ಮುಚ್ಚಬೇಕು. ಇನ್ನೊಬ್ಬರು ಹಿಡಿ ಎಳೆದು ನೋಡಬೇಕು. ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಇಬ್ಬರೂ ಹೊತ್ತು ಬರೆದು ಸಹಿ ಹಾಕಬೇಕು. ಇಪ್ಪತ್ತೆರಡು ವರ್ಷ ಟಿಡ್‌ಮೋರ್ ಮುಚ್ಚಿದ, ಜೊತೆಗೆ ಕೆಲಸ ಮಾಡುತ್ತಿದ್ದ ವರ್ನಾ ಪ್ರೂಯಿಟ್ ಎಳೆದಳು. ತನ್ನ ಮೇಜು ಯಾವ ಮಹಡಿಯಲ್ಲಿದೆ ಎಂದು ಅವನು ಹೆಂಡತಿಗೂ ಹೇಳಿದವನಲ್ಲ. "ಇವತ್ತು ಆಫೀಸಲ್ಲಿ ಏನಾಯ್ತು?" ಎಂದು ನಡೀನ್ ಕೇಳಿದರೆ "ಸೆಕೆ" ಎನ್ನುತ್ತಿದ್ದ.

ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಇಬ್ಬರೂ ಬಂದಾಗ ತಿಜೋರಿ ಬಾಯಿ ತೆರೆದು ನಿಂತಿತ್ತು. ಒಳಗೆ ಬ್ರ್ಯಾಂಟನ ಓದುವ ಕನ್ನಡಕ. ಹಿಂದಿನ ಸಂಜೆ ಯಾರೋ ಅತಿಥಿಯ ಮುಂದೆ ಮೆರೆಯಲು ತೆರೆದವನು ಹಾಗೇ ಬಿಟ್ಟು ಊಟಕ್ಕೆ ಹೋಗಿದ್ದ. ಹಾಳೆಯಲ್ಲಿ ಅವನ ಹೆಸರಿರಲಿಲ್ಲ. ಅಂಥವರು ಹಾಳೆ ಮುಟ್ಟುವುದಿಲ್ಲ.

ಟಿಡ್‌ಮೋರ್ ವರದಿ ಮಾಡಲು ಫೋನೆತ್ತುವಷ್ಟರಲ್ಲಿ ಬ್ರ್ಯಾಂಟ್ ಓಡಿಬಂದ.

"ಇಡು ಫೋನು. ಈ ವಾರ ನನ್ನ ಬಡ್ತಿ ತೀರ್ಮಾನ. ಸಂಜೆ ಏಳೂವರೆಗೆ ನೀನೇ ತೆಗ್ದೆ, ಮರ್ತೆ ಅಂತ ಬರಿ. ನಿಂಗೊಂದು ಎಚ್ಚರಿಕೆ ಕಾಗದ ಬರುತ್ತೆ."

"ಅಷ್ಟೇನಾ ಸಾರ್?"

"ಅಷ್ಟೇ. ನನ್ನ ಮಾತು."

ಟಿಡ್‌ಮೋರ್ ಬರೆದ. ವರ್ನಾ ನೆಲ ನೋಡುತ್ತ ನಿಂತಿದ್ದಳು.

ಬ್ರ್ಯಾಂಟನಿಗೆ ಬಡ್ತಿ ಬಂತು. ಟಿಡ್‌ಮೋರನಿಗೆ ಗುಟ್ಟಿನ ಕಾಗದ ಮುಟ್ಟುವ ಅನುಮತಿ ಹೋಯಿತು. ಗೇಟಿನಲ್ಲಿ ನಿಂತು ಬೇರೆಯವರ ಗುರುತಿನ ಚೀಟಿ ನೋಡುವ ಕೆಲಸಕ್ಕೆ ಹಾಕಿದರು. ಊರು ಅವನನ್ನು ಮರೆಗುಳಿ ಎಂದಿತು. ಅವನು ಮನೆಯಲ್ಲೂ ತುಟಿ ಬಿಚ್ಚಲಿಲ್ಲ. ಎಲ್ಲಿಗೆ ಹೊರಟರೂ ನಡೀನ್ ನಾಲ್ಕು ಜನರೆದುರು ಕೇಳುತ್ತಿದ್ದಳು: "ಬಾಗಿಲು ಹಾಕ್ದೆ ತಾನೆ?"

"ಹಾಕ್ದೆ" ಎನ್ನುತ್ತಿದ್ದ.

*

ಚರ್ಚಿನ ಹಿಂದೆ ಪಾಸ್ಟರರ ಕೋಣೆಯಲ್ಲಿ ಈಗ ಮೂವರು: ಬ್ರ್ಯಾಂಟ್, ಸ್ಟ್ರೌಡ್, ವರ್ನಾ.

"ಈ ಫೋಟೊ ವರದೀಲಿ ಹೊಣೆಗಾರ ಅಂತ ಯಾರ ಹೆಸ್ರು ಬರೀಲಿ ಸಾರ್?" ಸ್ಟ್ರೌಡ್ ಕೇಳಿದ.

"ಇದೂ ಒಂದು ಪ್ರಶ್ನೇನಾ? ಆ ಹಲಗೆ ಮುಂದೆ ಕೂತು ಹಲ್ಲು ಕಿರಿದೋನು ಯಾರು? ಅವನನ್ನೇ ಬರಿ. ಸತ್ತೋನಿಗೇನು ನಷ್ಟ? ವರ್ನಾ, ಸಾಕ್ಷಿ ಅಂತ ನೀನು ಸಹಿ ಹಾಕು."

"ಫೋಟೊ ಕಳ್ಸಿದ್ದು ನೀವಲ್ವಾ ಸಾರ್?"

"ರಿಟೈರ್ ಆಗೋಕೆ ನಿಂಗಿನ್ನೂ ಎರಡು ವರ್ಷ ಇದೆ ಅಲ್ವಾ? ಗೇಟಲ್ಲಿ ಬಿಸಿಲು ಜಾಸ್ತಿ ಕಣೆ."

ವರ್ನಾ ಸ್ಟ್ರೌಡನ ಕೈಯಿಂದ ಪೆನ್ನು ಕಿತ್ತುಕೊಂಡಳು. ಹೊಣೆಗಾರನ ಜಾಗದಲ್ಲಿ ಕಾರ್ಲೈಲ್ ಬ್ರ್ಯಾಂಟ್ ಎಂದು ಬರೆದಳು. ಕೆಳಗೆ ಒಂಬತ್ತು ವರ್ಷ ಹಿಂದಿನ ತಾರೀಖು ಹಾಕಿ, ತಿಜೋರಿಯ ಸಂಗತಿ ಬರೆದು, ಮತ್ತೆ ಅದೇ ಹೆಸರು ಬರೆದಳು. ಸಹಿ ಹಾಕಿದಳು.

ಸ್ಟ್ರೌಡ್ ಓದಿದ. ಬ್ರ್ಯಾಂಟನ ಮುಖ ನೋಡಿದ. ಚೀಲದಿಂದ ಮುದ್ರೆ ತೆಗೆದು ಕಾಗದದ ನೆತ್ತಿಗೊಂದು, ಬುಡಕ್ಕೊಂದು 'ರಹಸ್ಯ' ಎಂದು ಒತ್ತಿದ. "ಇನ್ನು ಇದು ತಿಜೋರಿಗೆ, ಮಿಸ್ ವರ್ನಾ. ಹೊರಗೆ ಬಾಯಿ ಬಿಟ್ರೆ ನಿಮ್ಮ ಅನುಮತಿ ಹೋಗುತ್ತೆ."

ಇವರ ತಿಜೋರಿಗಳಲ್ಲಿ ಶತ್ರುವಿಗೆ ಕಾಣಬಾರದ ಕಾಗದ ಎಷ್ಟೋ, ತಮ್ಮ ಹೊಲಸು ಮುಚ್ಚುವ ಕಾಗದವೂ ಅಷ್ಟೇ.

"ಬನ್ನಿ," ಬ್ರ್ಯಾಂಟ್ ಟೈ ಸರಿಮಾಡಿಕೊಂಡ. "ಪೆಟ್ಟಿಗೆ ಎತ್ತೋ ಹೊತ್ತಾಯ್ತು."

ಆರು ಗಂಡಸರು ಪೆಟ್ಟಿಗೆ ಹಿಡಿದರು. ಎಲ್ಲರಿಗೂ ಕಾಣುವಂಥ ಮುಂದಿನ ಹಿಡಿ ಬ್ರ್ಯಾಂಟನದು. ವರ್ನಾ ನೇರ ನಡೀನ್ ಬಳಿ ಹೋದಳು. ಪಿಸುಗುಟ್ಟಲಿಲ್ಲ.

"ಆರ್ವಿಲ್ ಮರೀಲಿಲ್ಲ, ನಡೀನ್. ಆ ತಿಜೋರಿ ತೆರೆದಿಟ್ಟೋನು ಈ ಬ್ರ್ಯಾಂಟು. ಇವನ ಕನ್ನಡಕ ಒಳಗಿತ್ತು, ನಾನೇ ನೋಡಿದೀನಿ. ಸುಳ್ಳು ಬರೆಸಿದ್ದೂ ನನ್ನೆದುರೇ. ಒಂಬತ್ತು ವರ್ಷ ಸುಮ್ನಿದ್ದೆ, ನನ್ನ ಬಾಯಿಗಿಷ್ಟು ಮಣ್ಣು ಹಾಕ."

"ಮಿಸ್ ವರ್ನಾ!" ಸ್ಟ್ರೌಡ್ ಚೀರಿದ.

"ಕಿತ್ಕೋ ಹೋಗೋ ನಿನ್ನ ಅನುಮತಿ."

"ಎಷ್ಟ್ ಸಲ ಕೇಳಿದೀನಿ ನಾನು ಅವನ್ನ..." ನಡೀನ್ ಅಷ್ಟೇ ಅಂದಳು. ಪೆಟ್ಟಿಗೆಯ ಮುಂದಕ್ಕೆ ಬಂದಳು.

"ದುಃಖದಲ್ಲಿ ಜನ ಏನೇನೋ ಅಂತಾರೆ, ನಡೀನ್..." ಎಂದ ಬ್ರ್ಯಾಂಟ್.

ಅವಳು ಅವನ ಬೆರಳುಗಳನ್ನು ಹಿಡಿಯಿಂದ ಬಿಡಿಸತೊಡಗಿದಳು. ಮೊದಲು ಕಿರುಬೆರಳು. ಆಮೇಲೆ ಒಂದೊಂದಾಗಿ. ಹೆಬ್ಬೆರಳು ಬಿಟ್ಟಾಗ ಪೆಟ್ಟಿಗೆ ಆ ಮೂಲೆಗೆ ವಾಲಿತು. ಉಳಿದ ಐವರು ಉಸಿರು ಕಟ್ಟಿ ತಡೆದರು. ನಡೀನ್ ಎತ್ತರದ ಷೂ ಒದ್ದು ಬಿಸಾಡಿ, ಬರಿಗಾಲಲ್ಲಿ ನಿಂತು, ಎರಡೂ ಕೈಯಲ್ಲಿ ಆ ಹಿಡಿ ಹಿಡಿದಳು.

"ನಡೀರಿ" ಅಂದಳು.

ಪೆಟ್ಟಿಗೆ ಬಾಗಿಲ ಕಡೆ ಹೋಯಿತು. ಜನ ಅದರ ಹಿಂದೆ ಹೋದರು. ಬೆಂಚುಗಳ ನಡುವೆ ಬ್ರ್ಯಾಂಟ್ ಒಬ್ಬನೇ ಉಳಿದ. ಅವನ ಬಲಗೈ ಇನ್ನೂ ಏನನ್ನೋ ಎತ್ತಿದಂತೆ ಮಡಿಚಿಕೊಂಡು ಗಾಳಿಯಲ್ಲೇ ನಿಂತಿತ್ತು.