ಅಂಗೈಯಗಲ

“ಆ ಕ್ಷಣದಲ್ಲಿ ನಿಮಗೆ ಏನನ್ನಿಸಿತು, ಅಷ್ಟು ಹೇಳಿದರೆ ಸಾಕು,” ಎಂದರು ಹೆಡ್‌ಮಿಸ್ಟ್ರೆಸ್ ಜಗದಾಂಬ. “ನಮ್ಮ ಮಕ್ಕಳಿಗೆ ಒಂದು ಸ್ಫೂರ್ತಿ.”

ಆಗಲಿ ಮೇಡಮ್ ಎಂದು ದ್ರಾಕ್ಷಾಯಣಿ ಹೊರಗೆ ಬಂದಳು. ಸಕಲೇಶಪುರದ ಆ ಹೆಣ್ಣುಮಕ್ಕಳ ಶಾಲೆಗೆ ಅವಳೇ ಡ್ರಿಲ್ ಟೀಚರು. ಮೈದಾನದಲ್ಲಿ ಸಾಲಾಗಿ ನಿಂತ ಹುಡುಗಿಯರಿಗೆ ಕೈ ಮೇಲೆ, ಕೈ ಕೆಳಗೆ ಎಂದು ಹೇಳುತ್ತಿದ್ದವಳು ನಡುವೆ ಸುಮ್ಮನಾಗಿಬಿಟ್ಟಳು. ಹುಡುಗಿಯರ ಕೈಗಳು ಮೇಲೆಯೇ ನಿಂತವು. ಜಗದಾಂಬ ಕೇಳಿದ ಆ ಕ್ಷಣ ತನ್ನ ಹತ್ತಿರ ಇಲ್ಲವೇ ಇಲ್ಲ ಎಂಬುದು ಅವಳಿಗೆ ಹೊಸ ಸಂಗತಿಯಲ್ಲ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅಷ್ಟೆ.

ಮದರಾಸಿನ ಪಂದ್ಯದಲ್ಲಿ ಕಸರತ್ತಿನ ತೊಲೆಯ ಮೇಲೆ ಕೈಯೂರಿದ್ದು ನೆನಪಿತ್ತು. ಕೆಳಗೆ ಹಾರಿದಾಗ ಎರಡೂ ಪಾದ ಚಾಪೆಗೆ ಕಚ್ಚಿಕೊಂಡು ನಿಂತದ್ದು ನೆನಪಿತ್ತು. ನಡುವಿನದು ಖಾಲಿ. ಅವಳನ್ನು ಇಡೀ ದೇಶಕ್ಕೆ ಜಿಮ್ನಾಸ್ಟಿಕ್ಸ್ ಚಾಂಪಿಯನ್ ಮಾಡಿದ್ದು ಆ ನಡುವಿನದೇ. ತೀರ್ಪುಗಾರರು ಎದ್ದು ನಿಂತರಂತೆ. ಕಲ್ಕತ್ತೆಯ ಹುಡುಗಿಯೊಬ್ಬಳು ಅತ್ತುಬಿಟ್ಟಳಂತೆ. ಎಲ್ಲವೂ ಅಂತೆ. ಪತ್ರಿಕೆಯಲ್ಲಿ ಬಂದ ಚಿತ್ರದಲ್ಲಿ ಅವಳು ರೇಷ್ಮೆ ಸೀರೆಯುಟ್ಟು, ತಲೆ ಬಗ್ಗಿಸಿ, ಬೆಳ್ಳಿಯ ಕಪ್ ಹಿಡಿದುಕೊಂಡಿದ್ದಳು. ಹಾಡಿ ಗೆದ್ದವಳೆಂದು ಹೇಳಿದರೂ ಯಾರಾದರೂ ನಂಬುತ್ತಿದ್ದರು.

ಇವತ್ತು ಸಂಜೆ ಶಾಲೆಯ ವಾರ್ಷಿಕೋತ್ಸವ. ಪುರಸಭೆಯ ಅಧ್ಯಕ್ಷರು ಅವಳಿಗೆ ಶಾಲು ಹೊದಿಸುತ್ತಾರೆ. ಹೊದಿಸುವ ಅಧ್ಯಕ್ಷರಾಗಲಿ, ಚಪ್ಪಾಳೆ ತಟ್ಟುವ ಊರಾಗಲಿ ಅವಳು ತೊಲೆಯ ಮೇಲೆ ಒಂದು ಹೆಜ್ಜೆಯಿಟ್ಟದ್ದನ್ನೂ ಕಂಡವರಲ್ಲ. ಅದಕ್ಕೆ ಊರನ್ನು ದೂರಿ ಪ್ರಯೋಜನವಿಲ್ಲ. ಅವಳ ಅಪ್ಪ ವೀರಭದ್ರಯ್ಯನವರ ಕಟ್ಟಪ್ಪಣೆ ಹಾಗಿತ್ತು.

ವೀರಭದ್ರಯ್ಯನವರದು ಪೇಟೆ ಬೀದಿಯಲ್ಲಿ ಜವಳಿ ಅಂಗಡಿ. ಲಿಂಗಪೂಜೆಯಾಗದೆ ಬಾಯಿಗೆ ನೀರು ಬಿಡದ ಮನುಷ್ಯ. ಆಗ ಶಾಲೆಯ ಡ್ರಿಲ್ ಮಾಸ್ತರಾಗಿದ್ದ ಹಬೀಬ್ ಸಾಹೇಬರು ಅಂಗಡಿಗೆ ಬಂದು, ನಿಮ್ಮ ಮಗಳ ಮೈಯಲ್ಲಿ ಮೂಳೆ ಇದೆಯೋ ಇಲ್ಲವೋ ತಿಳಿಯುತ್ತಿಲ್ಲ ಸ್ವಾಮಿ, ನನ್ನ ಕೈಗೆ ಒಪ್ಪಿಸಿ, ದೇಶಕ್ಕೇ ತೋರಿಸುತ್ತೇನೆ ಎಂದಾಗ ಅವರು ಗಜಕಡ್ಡಿಯನ್ನು ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದರು. ಮಿಲಿಟರಿಯಲ್ಲಿ ಕಸರತ್ತು ಕಲಿಸಿ ಬಂದ ಹಬೀಬರ ಮಾತಿಗೆ ಪೇಟೆಯಲ್ಲಿ ತೂಕವಿತ್ತು.

“ದೇಶಕ್ಕೆ ತೋರ್ಸಿ ಮಾಸ್ತ್ರೇ,” ಎಂದರು ಕೊನೆಗೆ. “ಊರಿಗೆ ಮಾತ್ರ ತೋರ್ಸ್‌ಬ್ಯಾಡಿ. ದೊಂಬರಾಟ ಅಂದ್‌ಬುಡ್ತಾರೆ.”

ಹಾಗಾಗಿ ಶಾಲೆಯ ಹಿಂದೆ ಗೋಣಿಚೀಲ ಬಿಚ್ಚಿ ಹೊಲಿದ ಪರದೆ ಎದ್ದಿತು. ಪರದೆಯ ಒಳಗೆ ಸಿಲ್ವರ್ ಓಕ್ ಮರದ ತೊಲೆ, ಎದೆಯೆತ್ತರಕ್ಕೆ. ಅದನ್ನು ಹಬೀಬರು ಯಾವುದೋ ಎಸ್ಟೇಟಿನಿಂದ ಬೇಡಿ ತಂದು ಬಡಗಿಯಿಂದ ನುಣುಪು ಮಾಡಿಸಿದ್ದರು. ಅಗಲ ಎಷ್ಟಿರಬೇಕು ಎಂದು ಬಡಗಿ ಕೇಳಿದರೆ ಅವರು ಕೈ ಬಿಚ್ಚಿ ತೋರಿಸಿದ್ದರು. ಅಂಗೈಯಗಲ.

ಆ ಅಂಗೈಯಗಲದ ಮೇಲೆ ದ್ರಾಕ್ಷಾಯಣಿ ಓಡಿದಳು, ಕುಣಿದಳು, ಹಿಂದಕ್ಕೆ ಬಾಗಿ ಕೈಯೂರಿ ಕಾಲುಗಳನ್ನು ತಲೆಯ ಮೇಲಿಂದ ತಂದು ಮತ್ತೆ ಅಷ್ಟೇ ಅಗಲದಲ್ಲಿ ನಿಂತಳು. ಬಿದ್ದಳು. ಬಿದ್ದಾಗೆಲ್ಲ ಎದ್ದು, ಸೊಂಟ ಉಜ್ಜಿಕೊಳ್ಳುವುದಕ್ಕೂ ನಿಲ್ಲದೆ, ಮತ್ತೆ ತೊಲೆಯ ಕಡೆಗೇ ಹೋದಳು. ಪೇಟೆ ಬೀದಿಯಲ್ಲಿ ತಲೆಯೆತ್ತಿ ನಡೆಯಲು ಅಂಜುವ ಹುಡುಗಿ ಅಲ್ಲಿ ಯಾರಿಗೂ ಅಂಜಲಿಲ್ಲ. ಕಂಡವರಿದ್ದರೆ ಕೈ ಮುಗಿಯುತ್ತಿದ್ದರು. ಕಂಡದ್ದು ಹಬೀಬರೊಬ್ಬರೇ. ಅವರೂ ಕಂಡದ್ದು ತುಂಡುತುಂಡಾಗಿ: ಇವತ್ತು ಪಾದ, ನಾಳೆ ಸೊಂಟ, ಇನ್ನೊಂದು ದಿನ ಕತ್ತು. ಆಟವನ್ನು ನಿಲ್ಲಿಸಿ ತಿದ್ದುವುದು ಅವರ ಕೆಲಸವಾಗಿತ್ತೇ ಹೊರತು ನೋಡುವುದಲ್ಲ.

ಮೈಸೂರು ರಾಜ್ಯದ ಪಟ್ಟ ಬಂತು. ಮರುವರ್ಷವೂ ಬಂತು. ಅವಳಿರುವತನಕ ಬೇರೆ ಹುಡುಗಿಯರು ಎರಡನೆಯ ಸ್ಥಾನಕ್ಕೆ ಹೊಡೆದಾಡಬೇಕು ಎಂದು ಬೆಂಗಳೂರಿನವರೇ ಹೇಳಿಕೊಂಡು ನಗುತ್ತಿದ್ದರು. ಆಮೇಲೆ ಮದರಾಸು. ಅದರ ಮರುವರ್ಷ ಮಂಡಿ ಕೈಕೊಟ್ಟಿತು. ಅಲ್ಲಿಗೆ ಮುಗಿಯಿತು. ಗೋಣಿಯ ಪರದೆ ಮಳೆಗೆ ಕೊಳೆತುಹೋಯಿತು. ತೊಲೆಯನ್ನು ಯಾರೋ ಒಯ್ದು ಐದನೇ ತರಗತಿಯ ಸೂರಿಗೆ ಹಾಕಿದರು. ಆ ತರಗತಿಗೆ ಹೋದಾಗ ದ್ರಾಕ್ಷಾಯಣಿ ಮೇಲೆ ನೋಡುತ್ತಿರಲಿಲ್ಲ.

ಆಡುವವಳಿಗೆ ತನ್ನ ಆಟ ಕಾಣುವುದಿಲ್ಲ. ಅದನ್ನು ಅವಳು ಎಂದೋ ಒಪ್ಪಿಕೊಂಡಿದ್ದಳು. ಆದರೆ ತನ್ನವರ ಒಂದು ಜೊತೆ ಕಣ್ಣಾದರೂ ಮೊದಲಿನಿಂದ ಕೊನೆಯವರೆಗೆ ನೋಡಿದ್ದರೆ ಆಡಿದ್ದು ಎಲ್ಲೋ ಇದೆ ಎಂದಾಯಿತು. ಮದರಾಸಿನಲ್ಲಿ ಹಬೀಬರು ಉದ್ದಕ್ಕೂ ಅಲ್ಲೇ ನಿಂತಿದ್ದರು. ಅವಳು ಇಳಿದು ಬಂದಾಗ “ಚೆನ್ನಾಗಿತ್ತು” ಎಂದಷ್ಟೇ ಅಂದಿದ್ದರು. ಮಾಸ್ತರ ಜಿಪುಣತನಕ್ಕೆ ಅವಳು ಆಗ ನಕ್ಕಿದ್ದಳು. ಆ ಒಂದು ಮಾತಿನೊಳಗೆ ಇಡೀ ಆಟ ಭದ್ರವಾಗಿದೆ ಎಂಬ ನಂಬಿಕೆಯಲ್ಲೇ ಇಷ್ಟು ವರ್ಷ ಹುಡುಗಿಯರ ಕೈ ಮೇಲೆತ್ತಿಸಿ ಇಳಿಸಿದ್ದಳು. ಇವತ್ತು ಹೋಗಿ ಕೇಳಿಬಿಡಬೇಕು.

ಮಧ್ಯಾಹ್ನ ರಜೆ ಹೇಳಿ ದೋಣಿಗಲ್ಲಿನ ಬಸ್ಸು ಹತ್ತಿದಳು.

“ಸಾಯಂಕಾಲ ಸನ್ಮಾನವಂತಲ್ಲ ಮೇಡಮ್ನೋರೇ,” ಎಂದ ಕಂಡಕ್ಟರ್ ಲಕ್ಕಪ್ಪ. “ಅದೇನೋ ಲಾಗ ಹಾಕಿದ್ರಂತೆ.”

“ಹೂಂ.”

“ನಮ್ಮ ಮಗೀನೂ ಹಾಕ್ತದೆ. ಜಗಲಿ ಮ್ಯಾಲೆ.”

“ಒಳ್ಳೇದು.”

“ವಾಪಸ್ಸು ಇದೇ ಗಾಡಿ ಕಣ್ರೀ. ತಿರುವಿನಾಗೆ ನಿಂತು ಕೂಗ್ತೀನಿ, ಬಂದ್‌ಬುಡಿ. ಇದು ಬುಟ್ರೆ ಇನ್ನೊಂದಿಲ್ಲ.”

ಬಸ್ಸು ಘಾಟಿ ಇಳಿಯುತ್ತಿದ್ದಂತೆ ಅವಳ ಕೈ ತಾನಾಗಿ ಎದೆಗೆ ಹೋಗಿ ಕರಡಿಗೆಯನ್ನು ಮುಟ್ಟಿತು. ಬೆಳ್ಳಿಯ ಪುಟ್ಟ ಕರಡಿಗೆ, ಅದರೊಳಗೆ ಇಷ್ಟಲಿಂಗ. ಮೈಯಿಂದ ಇಳಿಸಬಾರದ್ದು, ನೆಲಕ್ಕೆ ತಾಗಬಾರದ್ದು. ಅಭ್ಯಾಸದ ದಿನಗಳಲ್ಲಿ ಅದನ್ನು ಬಟ್ಟೆಯಲ್ಲಿ ಸುತ್ತಿ ಎಡತೋಳಿಗೆ ಬಿಗಿದುಕೊಳ್ಳುತ್ತಿದ್ದಳು. ಮದರಾಸಿನಲ್ಲಿ ತೀರ್ಪುಗಾರ್ತಿ ಒಪ್ಪಲಿಲ್ಲ. ದಾರವಾಗಲಿ ಲೋಹವಾಗಲಿ ಮೈಮೇಲೆ ಏನೂ ಕೂಡದು. ಅವಳ ಹೆಸರು ಕೂಗಿಯಾಗಿತ್ತು. ದ್ರಾಕ್ಷಾಯಣಿ ತೋಳಿನಿಂದ ಬಿಚ್ಚಿ, ಯೋಚಿಸದೆ, ಹಬೀಬರ ಅಂಗೈಯ ಮೇಲೆ ಇಟ್ಟು ಹೋದಳು. ಇಳಿದು ಬಂದ ಕೂಡಲೇ ತೆಗೆದುಕೊಂಡು ಕಟ್ಟಿಕೊಂಡಳು. ಅಪ್ಪನಿಗೆ ಈ ಸಂಗತಿ ಇವತ್ತಿಗೂ ತಿಳಿಯದು.

ಹಬೀಬರು ಶಾಲೆ ಬಿಟ್ಟ ಮೇಲೆ ದೋಣಿಗಲ್ಲಿನಲ್ಲಿ ಭಾವಮೈದುನನ ಲಾರಿ ಶೆಡ್ಡು ನೋಡಿಕೊಂಡಿದ್ದರು. ರಸ್ತೆಯಿಂದ ಅವರ ಮನೆಗೆ ಹೋಗಲು ಒಂದು ಹಳ್ಳ ದಾಟಬೇಕು. ಹಳ್ಳಕ್ಕೆ ಅಡ್ಡಲಾಗಿ ಸಂಕ ಹಾಕಿತ್ತು: ಮೇಲ್ಭಾಗವನ್ನು ಕೊಡಲಿಯಿಂದ ಸಮ ಮಾಡಿದ ಒಂಟಿ ಮರ, ಕೆಳಗೆ ಬಂಡೆ, ನೀರು. ಉಳಿದವರು ಚಪ್ಪಲಿ ಕೈಯಲ್ಲಿ ಹಿಡಿದು ದೇವರನ್ನು ನೆನೆಯುತ್ತ ದಾಟುವ ಅದನ್ನು ಅವಳು ಕೆಳಗೆ ನೋಡದೆ ದಾಟಿದಳು. ಪಾದಗಳಿಗೆ ಇನ್ನೂ ಎಲ್ಲ ಗೊತ್ತಿತ್ತು.

ಹಬೀಬರ ಹೆಂಡತಿ ಮರಿಯಮ್ ಬೀ ಕೇಳದೆಯೇ ಬಾಳೆಹಣ್ಣಿನ ತಟ್ಟೆ ತಂದಿಟ್ಟರು. ವೀರಭದ್ರಯ್ಯನವರ ಮಗಳಿಗೆ ಈ ಮನೆಯಲ್ಲಿ ಏನು ಕೊಡಬಹುದು, ಏನು ಕೊಡಬಾರದು ಎಂಬುದರಲ್ಲಿ ಆ ದಂಪತಿಗಳು ಎಂದೂ ತಪ್ಪಿದವರಲ್ಲ.

“ಸಾಯಂಕಾಲ ಮಾತಾಡಬೇಕಂತೆ ಮಾಸ್ತ್ರೇ.”

“ಮಾತಾಡು. ಅದಕ್ಕೇನಂತೆ.”

“ಮದರಾಸಿನ ದಿನದ್ದು.”

“ಒಳ್ಳೇ ದಿನ ಕಣಮ್ಮ ಅದು. ಸೆಕೆ ಒಂದು ವಿಪರೀತ.”

“ತೊಲೆ ಮೇಲೆ ನಾನು ಹೇಗಿದ್ದೆ?”

“ಚೆನ್ನಾಗಿತ್ತು ಅಂತ ಅವತ್ತೇ ಅಂದ್ನಲ್ಲ.”

“ಹೇಗೆ ಚೆನ್ನಾಗಿತ್ತು? ಹಿಂದಕ್ಕೆ ಬಾಗಿದಾಗ ಕಾಲು ನೆಟ್ಟಗಿತ್ತಾ? ತಿರುಗುವಾಗ ಅಲ್ಲಾಡಿದೆನಾ?”

ಹಬೀಬರು ತಟ್ಟೆಯನ್ನು ಅವಳ ಕಡೆಗೆ ಸರಿಸಿದರು. “ಹಣ್ಣು ತಗೋ. ನಮ್ಮ ಹಿತ್ಲುದ್ದೇ.”

“ಮಾಸ್ತ್ರೇ.”

“ಜನ ಎಲ್ಲಾ ಎದ್ದು ನಿಂತ್ಕಂಡ್ರು ಕಣಮ್ಮ. ಕುರ್ಚಿ ಸದ್ದು ಕೇಳುಸ್ತು.”

ಕೇಳಿಸಿತು ಎಂದರು. ದ್ರಾಕ್ಷಾಯಣಿ ಸುಲಿಯುತ್ತಿದ್ದ ಹಣ್ಣನ್ನು ಹಾಗೆಯೇ ಹಿಡಿದು ಕೂತಳು.

“ನೀವು ನೋಡಲಿಲ್ವಾ?”

ಹಬೀಬರು ತಮ್ಮ ಎಡಗೈಯನ್ನು ಬಿಚ್ಚಿ, ಅದರಲ್ಲಿ ಈಗಲೂ ಏನೋ ಇದೆಯೆಂಬಂತೆ ನೋಡಿದರು. “ಅದು ನನ್ನ ಕೈಲಿತ್ತಲ್ಲಮ್ಮ.”

“ಕೈಲಿದ್ದರೆ?”

“ನಿಮ್ಮಪ್ಪಾರು ಪೂಜೆ ಮಾಡೋದ ನಾನು ಕಂಡಿಲ್ವಾ? ಅಂಗಡಿ ಜಗಲಿ ಮ್ಯಾಲೆ ಕಾಯ್ಕಂಡು ಕೂತಿರ್ತಿದ್ದೆ. ಎಡಗೈ ಮ್ಯಾಲೆ ಇಟ್ಕಂಡ್ರು ಅಂದ್ರೆ ಮುಗೀತು. ಗಿರಾಕಿ ಬರ್ಲಿ, ಕೂಸು ಅಳ್ಲಿ, ಕಣ್ಣು ಆಚೀಚೆ ಹೋಗ್ತಿರ್ಲಿಲ್ಲ. ರೆಪ್ಪೆ ಸೈತ ಹೊಡೀತಿರ್ಲಿಲ್ಲ. ಕೈಲಿರೋಗಂಟ ಕಣ್ಣು ತೆಗೀಬಾರ್ದು ಅಂತ್ಲೇ ನಾನು ತಿಳ್ಕಂಡಿದ್ದೆ. ನಮ್ಮುದಲ್ಲದ್ದು ನೋಡು. ಹೆಚ್ಚುಕಡಿಮೆ ಆದ್ರೆ ಕೇಡು ನಿಂಗೇ ತಾನೆ? ನೀನಾದ್ರೆ ಅಲ್ಲಿ ತಲೆಕೆಳಗಾಗಿ ನಿಂತಿದ್ದೆ.”

“ಒಂದು ಸಲಾನೂ ನೋಡಲಿಲ್ವಾ?”

“ಇಲ್ಲ ಕಣಮ್ಮ. ಅದನ್ನೇ ನೋಡ್ಕಂಡು ನಿಂತಿದ್ದೆ. ನೀನು ಬಂದು ಕೈ ಚಾಚಿದೆಯಲ್ಲ, ಆಗ್ಲೇ ತಲೆ ಎತ್ತಿದ್ದು. ನಿನ್ನ ಮುಖ ಚೆನ್ನಾಗಿತ್ತು. ಅದ್ಕೇ ಹಂಗಂದೆ.”

ಹಾಗೆ ನೋಡುವುದು ಪೂಜೆಯ ಹೊತ್ತಿಗಷ್ಟೇ, ಉಳಿದಂತೆ ಅದು ಕತ್ತಿನಲ್ಲಿ ತನ್ನ ಪಾಡಿಗೆ ತಾನು ಇರುತ್ತದೆ ಎಂದು ಹೇಳಬಹುದಿತ್ತು. ಈ ಮನುಷ್ಯನ ಮೇಲೆ ಇಷ್ಟು ಪ್ರೀತಿ ಅವಳಿಗೆ ಎಂದೂ ಬಂದಿರಲಿಲ್ಲ. ಇಷ್ಟು ಸಿಟ್ಟೂ ಬಂದಿರಲಿಲ್ಲ. ಕೈಯಲ್ಲಿದ್ದ ಹಣ್ಣನ್ನು ಮತ್ತೆ ಸುಲಿಯತೊಡಗಿದಳು.

“ತಪ್ಪಾಯ್ತೇನಮ್ಮ?” ಎಂದರು ಹಬೀಬರು.

“ಇಲ್ಲ ಮಾಸ್ತ್ರೇ. ಹಾಗೇ ಮಾಡಬೇಕು.”

ಮುದುಕರ ಮುಖ ಅರಳಿತು. ಇಷ್ಟು ವರ್ಷ ಅವರಿಗೂ ಒಂದು ಅನುಮಾನ ಇದ್ದಿರಬೇಕು.

ಸಂಕದ ಹತ್ತಿರ ಬಂದಾಗ ಹೊತ್ತು ಇಳಿಯುತ್ತಿತ್ತು. ತೋಟದ ಆಳುಗಳು ಆಗಲೇ ತಮ್ಮ ಲೈನ್ ಮನೆಗಳಿಗೆ ಹೋಗಿದ್ದರು. ಭಾಷಣದ ಮೊದಲ ಸಾಲನ್ನು ಮನಸ್ಸಿನಲ್ಲಿ ಕೂಡಿಸಲು ನೋಡಿದಳು. ಮಾನ್ಯ ಅಧ್ಯಕ್ಷರೇ, ಪೂಜ್ಯ ಮುಖ್ಯೋಪಾಧ್ಯಾಯಿನಿಯವರೇ. ಮುಂದೆ ಏನೂ ಇರಲಿಲ್ಲ. ಶಾಲು ಹೊದ್ದು, ತಲೆ ಬಗ್ಗಿಸಿ, ಏನೋ ಒಂದು ಕಥೆ ಕಟ್ಟಿ ಹೇಳಬಹುದು. ಜಗದಾಂಬ ಕಣ್ಣೊರೆಸಿಕೊಳ್ಳುತ್ತಾರೆ. ಸುಳ್ಳು ಎನ್ನಲು ಇಡೀ ಊರಿನಲ್ಲಿ ಒಬ್ಬರೂ ಇಲ್ಲ.

ಸಂಕದ ನಡುವೆ ನಿಂತಳು. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ನೆರಿಗೆಯನ್ನು ಹಿಂದಕ್ಕೆಳೆದು ಬಿಗಿಯಾಗಿ ಕಚ್ಚೆ ಹಾಕಿದಳು. ಬಗ್ಗಿ ಎರಡೂ ಅಂಗೈಗಳನ್ನು ಮರದ ಮೇಲೆ ಊರಿದಳು. ಮಂಡಿ ಬೇಡ ಎಂದಿತು. ಕಾಲು ಕೇಳಲಿಲ್ಲ. ಒಂದು ಎದ್ದಿತು, ಅದರ ಹಿಂದೆ ಇನ್ನೊಂದು ಎದ್ದಿತು, ಎರಡೂ ಕೂಡಿಕೊಂಡು ಆಕಾಶಕ್ಕೆ ನೆಟ್ಟಗಾದವು. ಮಣಿಕಟ್ಟಿನಿಂದ ಕಾಲಿನ ಹೆಬ್ಬೆರಳಿನ ತನಕ ಒಂದೇ ಗೆರೆ. ಏದುಸಿರಿಲ್ಲ, ನಡುಕವಿಲ್ಲ. ಎಂಥ ನಿಲುವು ಅದು! ಹಳ್ಳದ ಸದ್ದು ಮಾತ್ರ ಇತ್ತು.

ಆಗ ಕರಡಿಗೆಯ ಶಿವದಾರ ಕತ್ತಿನಿಂದ ಜಾರಿತು. ಗಲ್ಲ ದಾಟಿ ಬಂತು. ಹಿಡಿಯಲು ಕೈ ಎತ್ತುವಂತಿಲ್ಲ. ಕೈ ಎತ್ತಿದರೆ ತಾನು ಹಳ್ಳಕ್ಕೆ, ಬಿಟ್ಟರೆ ಅದು ಹಳ್ಳಕ್ಕೆ. ತುಟಿಗೆ ಬಂದ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಕರಡಿಗೆ ಕಣ್ಣ ಮುಂದೆ ಇಳಿಬಿದ್ದು, ತೂಗಾಡಿ, ನಿಂತಿತು. ನೀರೂ ಬಂಡೆಯೂ ತೋಟವೂ ಅದರ ಹಿಂದೆ ಮರೆಯಾದವು.

ತಿರುವಿನಲ್ಲಿ ಬಸ್ಸು ಹಾರನ್ ಹೊಡೆಯಿತು.

“ಮೇಡಮ್ನೋರೇ! ಬರ್ತೀರೇನ್ರೀ?” ಲಕ್ಕಪ್ಪ ಕೂಗಿದ. ಮರಗಳ ಆಚೆ ನಿಂತ ಅವನಿಗೆ ಸಂಕ ಕಾಣುವಂತಿರಲಿಲ್ಲ.

ಇಳಿಯಬಹುದಿತ್ತು. ಇಳಿಯಲಿಲ್ಲ.

“ಇದೀರೇನ್ರೀ?”

ಇದ್ದೇನೆ ಎನ್ನಲು ಬಾಯಿ ತೆರೆಯುವಂತಿರಲಿಲ್ಲ. ಕಾಲು ಮೇಲೆ, ತಲೆ ಕೆಳಗೆ, ದ್ರಾಕ್ಷಾಯಣಿ ರೆಪ್ಪೆ ಹೊಡೆಯದೆ ಅದನ್ನೇ ನೋಡುತ್ತ ನಿಂತಿದ್ದಳು.